ದಾರಿಯಾಗಿದ್ದ ಹೊಳೆ

ನದಿಯನ್ನು ಸೇತುವೆಯ ಮೇಲೆ ನಿಂತು ನೋಡುವುದು ಬೇರೆ, ನದಿಯ ಮೇಲೆ ಕುಳಿತು ಊರನ್ನು ನೋಡುವುದು ಬೇರೆ. ಬಂಟವಾಳದಲ್ಲಿ ಹುಟ್ಟಿ, ಸುತ್ತಮುತ್ತಲ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿ, ಈಗ ನಿವೃತ್ತನಾಗಿ ಕುಳಿತಿರುವ ನನಗೆ ಈ ಎರಡರ ಅಂತರ ತಿಳಿದದ್ದು ಎಪ್ಪತ್ತು ಕಳೆದ ಮೇಲೆ. ತಿಳಿಸಿಕೊಟ್ಟವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವನು ಒಂದು ಜನವರಿಯಲ್ಲಿ ರಜೆಗೆ ಬಂದಾಗ ಕಾರಿನ ನೆತ್ತಿಯ ಮೇಲೆ ಹಳದಿ ಬಣ್ಣದ ಉದ್ದನೆಯ ವಸ್ತುವೊಂದನ್ನು ಕಟ್ಟಿಕೊಂಡು ಬಂದಿದ್ದ. ನೆರೆಮನೆಯ ಮಕ್ಕಳು ಅದನ್ನು ನೀರಿನ ಟಾಂಕಿಯೆಂದೇ ತಿಳಿದರು. ಅದು ಕಯಾಕ್ ಎಂಬ ದೋಣಿ. ಇಬ್ಬರು ಒಬ್ಬರ ಹಿಂದೊಬ್ಬರು ಕಾಲು ಚಾಚಿ ಕುಳಿತುಕೊಳ್ಳಬೇಕು. ಎರಡು ತುದಿಗಳಲ್ಲೂ ಅಲಗುಳ್ಳ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅದ್ದುತ್ತ ಮುಂದೆ ಸಾಗಬೇಕು. ಮೂಲ್ಕಿಯ ಶಾಂಭವಿ ಹೊಳೆಯಲ್ಲಿ ಇದನ್ನು ಕಲಿತೆನೆಂದು ಹೇಳಿದ.

“ಮಾವ, ನಾಳೆ ಬೆಳಿಗ್ಗೆ ನೀವೂ ಬನ್ನಿ. ಹೊಳೆಯಿಂದಲೇ ಬಂಟವಾಳ ಪೇಟೆ ನೋಡಿಕೊಂಡು ಬರುವ” ಎಂದ.

“ಈ ಪ್ರಾಯದಲ್ಲಿ ಅದೊಂದು ಬಾಕಿ ಇತ್ತು” ಎಂದು ನನ್ನ ಹೆಂಡತಿ ಒಳಗಿನಿಂದ ಹೇಳಿದಳು.

ಬಾಕಿ ಇದ್ದದ್ದು ನಿಜ. ನನ್ನ ಅಜ್ಜ ಬಂಟವಾಳ ಪೇಟೆಯಲ್ಲಿ ಉಪ್ಪು, ಬೆಲ್ಲ, ಒಣಮೆಣಸುಗಳ ವ್ಯಾಪಾರ ಮಾಡಿದವರು. ಅವರ ಸರಕು ಮಂಗಳೂರಿನಿಂದ ದೋಣಿಯಲ್ಲಿ ಬರುತ್ತಿತ್ತು, ಇಲ್ಲಿನ ಅಕ್ಕಿ ಅಡಕೆಗಳು ದೋಣಿಯಲ್ಲಿ ಹೋಗುತ್ತಿದ್ದವು. ಈ ಮಾತನ್ನು ಬಾಲ್ಯದಿಂದಲೂ ಸಾವಿರ ಸಲ ಕೇಳಿದ್ದೇನೆ. ಕಡವಿನಲ್ಲಿ ಈ ದಡದಿಂದ ಆ ದಡಕ್ಕೆ ದಾಟಿದ್ದೂ ಉಂಟು. ಆದರೆ ಹೊಳೆಯನ್ನು ಅಡ್ಡ ದಾಟುವುದೆಂದರೆ ಬೀದಿಯನ್ನು ಅಡ್ಡ ದಾಟಿದ ಹಾಗೆ. ಅದರ ಉದ್ದಕ್ಕೂ ನಡೆದ ಹಾಗಾಗಲಿಲ್ಲ. ಅಜ್ಜನ ದಾರಿಯಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ. ಆದುದರಿಂದ ಒಪ್ಪಿಕೊಂಡೆ.

*

ಇಂಥ ದೋಣಿಯ ಪೂರ್ವೋತ್ತರವನ್ನು ವಿಚಾರಿಸಿದರೆ ಅದೂ ಮೊದಲು ವಿನೋದದ ವಸ್ತುವಾಗಿರಲಿಲ್ಲ. ಉತ್ತರ ಧ್ರುವದ ಸಮೀಪದ ಹಿಮಪ್ರದೇಶಗಳಲ್ಲಿ ವಾಸಿಸುವ ಇನ್ಯುಯಿಟ್ ಜನರು ಮರದ ಇಲ್ಲವೆ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಬೇಟೆಗಾಗಿ ಅದನ್ನು ಮಾಡಿಕೊಂಡರು. ಹೊಟ್ಟೆಪಾಡಿನ ಈ ದೋಣಿಯ ಮಾದರಿಯನ್ನು ಹಿಡಿದು, ಕೇವಲ ಸಂತೋಷಕ್ಕಾಗಿ ನದಿಗಳಲ್ಲಿ ತಿರುಗಬಹುದೆಂದು ಲೋಕಕ್ಕೆ ತೋರಿಸಿದವನು ಜಾನ್ ಮ್ಯಾಕ್‌ಗ್ರೆಗರ್ ಎಂಬ ಸ್ಕಾಟ್ಲೆಂಡಿನ ವಕೀಲ. ‘ರಾಬ್ ರಾಯ್’ ಎಂಬ ತನ್ನ ಪುಟ್ಟ ದೋಣಿಯಲ್ಲಿ ಅವನು ೧೮೬೫ರಲ್ಲಿ ಯುರೋಪಿನ ನದಿಗಳನ್ನೂ ಸರೋವರಗಳನ್ನೂ ಸುತ್ತಿದ. ಮರುವರ್ಷ ಆ ಪ್ರವಾಸದ ಪುಸ್ತಕವನ್ನು ಪ್ರಕಟಿಸಿದ. ಮುಂದೆ ೧೯೩೬ರ ಬರ್ಲಿನ್ ಒಲಿಂಪಿಕ್ ಪಂದ್ಯಗಳಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು.

ಆ ೧೮೬೫ ನಮ್ಮ ನೇತ್ರಾವತಿಗೂ ಮುಖ್ಯವಾದ ವರ್ಷವೇ. ಮಂಗಳೂರಿನ ಜೆಪ್ಪುವಿನಲ್ಲಿ, ಹೊಳೆಯ ದಂಡೆಯ ಮೇಲೆ, ಬಾಸೆಲ್ ಮಿಶನಿನವರು ಹಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು ಅದೇ ವರ್ಷ. ಹಂಚಿಗೆ ಜೇಡಿಮಣ್ಣು ಬೇಕು, ಆವೆಗೆ ಸೌದೆ ಬೇಕು. ಎರಡೂ ಹೊಳೆಯ ಮೇಲೆಯೇ ಬರಬೇಕು. ಒಂದರ ಹಿಂದೊಂದು ಕಾರ್ಖಾನೆಗಳು ಎದ್ದವು, ದೋಣಿಗಳಿಗೆ ಕೆಲಸ ಹೆಚ್ಚಿತು. ಅಲ್ಲೊಬ್ಬನು ಮನಸ್ಸಿನ ಉಲ್ಲಾಸಕ್ಕೆಂದು ಹುಟ್ಟು ಹಾಕುತ್ತಿದ್ದಾಗ ಇಲ್ಲಿ ನೂರಾರು ಮಂದಿ ಕೂಲಿಗಾಗಿ ಜಲ್ಲೆ ಊರುತ್ತಿದ್ದರು. ‘ಮಂಗಳೂರು ಹಂಚು’ ಎಂಬ ಹೆಸರಿನ ಹಿಂದೆ ಕುಂಬಾರಿಕೆಯ ಜಾಣ್ಮೆಯಷ್ಟೇ ಅಂಬಿಗರ ರಟ್ಟೆಯೂ ಇದೆ.

ಆದರೆ ಹೊಳೆಯ ವ್ಯಾಪಾರ ಹಂಚಿಗಿಂತ ಬಹಳ ಹಳೆಯದು. ಬಂಟವಾಳವು ಬಂಟವಾಳವಾದದ್ದೇ ಅದರಿಂದ. ಭೂಪಟವನ್ನು ಬಿಚ್ಚಿ ನೋಡಿದರೆ ಕಾರಣ ಥಟ್ಟನೆ ಹೊಳೆಯುತ್ತದೆ. ಘಟ್ಟದ ಮೇಲಿನ ಕಾಫಿ, ಧಾನ್ಯ, ಸಂಬಾರ ಸಾಮಾನುಗಳು ಚಾರ್ಮಾಡಿಯನ್ನು ಇಳಿದು, ಬೆಳ್ತಂಗಡಿಯನ್ನು ಹಾದು, ಹೇರೆತ್ತುಗಳ ಮೇಲೂ ಬಂಡಿಗಳಲ್ಲೂ ಬರುತ್ತಿದ್ದವು. ಬೆಳ್ತಂಗಡಿಯ ಸೀಮೆಯಲ್ಲಿ ನೀರಿಗೆ ಬರಗಾಲವೇನೂ ಇಲ್ಲ. ಸೋಮಾವತಿ, ಮೃತ್ಯುಂಜಯಾ, ನೆರಿಯ ಹೊಳೆ, ಶಿಶಿಲದ ಕಪಿಲಾ ಮತ್ತು ಸ್ವಯಂ ನೇತ್ರಾವತಿ, ಇವೆಲ್ಲ ಅಲ್ಲಿಯೇ ಇವೆ. ಆದರೆ ಅವು ಬೆಟ್ಟದ ಮಕ್ಕಳು. ಬಂಡೆಯಿಂದ ಬಂಡೆಗೆ ಹಾರುವ ಹೊಳೆಗಳು. ಮಳೆಗಾಲದಲ್ಲಿ ಹತ್ತಿರ ಹೋಗಲು ಭಯ, ಬೇಸಗೆಯಲ್ಲಿ ಮೊಣಕಾಲು ನೀರು. ಅಲ್ಲಿ ದೋಣಿಗೆ ಕೆಲಸವಿಲ್ಲ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಬಂದು ಕೂಡಿದ ಮೇಲೆ ನೇತ್ರಾವತಿಗೆ ಗಾತ್ರ ಬರುತ್ತದೆ. ಬಂಟವಾಳಕ್ಕೆ ಬರುವ ಹೊತ್ತಿಗೆ ಗಾಂಭೀರ್ಯವೂ ಬರುತ್ತದೆ. ಎತ್ತು ಎಲ್ಲಿ ನಿಂತಿತೋ ಅಲ್ಲಿಂದ ದೋಣಿ ಹೊರಟಿತು. ಹಾಗೆ ಎತ್ತು ನಿಂತು ದೋಣಿ ಹೊರಡುವ ಜಾಗದಲ್ಲಿ ಗೋದಾಮು, ದಲ್ಲಾಳಿ, ಛತ್ರ, ದೇವಸ್ಥಾನಗಳೆಲ್ಲ ಬಂದು ಸೇರಿ ಒಂದು ಪೇಟೆಯಾಯಿತು.

ಇಳಿಯುವ ಸರಕಿನ ಕಥೆ ಇದಾದರೆ ಏರುವ ಸರಕಿನಲ್ಲಿ ಮುಖ್ಯವಾದದ್ದು ಉಪ್ಪು. ನೀರು ತುಂಬಿದ ಕಾಲದಲ್ಲಿ ದೋಣಿಗಳು ಉಪ್ಪಿನಂಗಡಿಯ ವರೆಗೂ ಏರುತ್ತಿದ್ದವು. ಆ ಊರಿನ ಹೆಸರಿಗೆ ಬೇರೆ ವ್ಯಾಖ್ಯಾನ ಬೇಕೆ? ನಮ್ಮ ಜಿಲ್ಲೆಯಲ್ಲಿ ಬೆಳ್ತಂಗಡಿ, ಹಳೆಯಂಗಡಿ ಎಂದು ಅಂಗಡಿಯ ಹೆಸರು ಹೊತ್ತ ಊರುಗಳಿರುವುದು ವ್ಯಾಪಾರವು ಎಷ್ಟು ಒಳಗಿನ ವರೆಗೆ ನುಗ್ಗಿತ್ತೆಂಬುದಕ್ಕೆ ಸಾಕ್ಷಿ. ಕೆಳಗಡೆಯ ದಂಡೆಯಲ್ಲಿರುವ ಫರಂಗಿಪೇಟೆಯಂತೂ ತನ್ನ ಹೆಸರಿನಲ್ಲಿಯೇ ಪೋರ್ಚುಗೀಸರ ಕಾಲವನ್ನು ಉಳಿಸಿಕೊಂಡಿದೆ.

ಇವೆಲ್ಲವೂ ಲಾಭದ ಮಾತಾಯಿತು. ನೋಡುವುದಕ್ಕಾಗಿಯೇ ಈ ನೀರಿನ ಕಡೆ ಬಂದವರು ಇಲ್ಲವೆಂದಲ್ಲ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತ ೧೬೨೩ರಲ್ಲಿ ಗೋವೆಯಿಂದ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ದೂತರ ಜೊತೆ ಸೇರಿಕೊಂಡು, ಅಲ್ಲಿಂದ ಮಂಗಳೂರಿಗೆ ಇಳಿದು ಬಂದ. ಮಾರಲು ಅವನ ಬಳಿ ಸರಕಿರಲಿಲ್ಲ, ಕೈಯಲ್ಲಿ ಅಧಿಕಾರವೂ ಇರಲಿಲ್ಲ, ಕುತೂಹಲವೊಂದೇ ಬಂಡವಾಳ. ಎರಡು ನದಿಗಳು ಕೂಡಿ ಕಡಲನ್ನು ಸೇರುವ ಅಳಿವೆಯನ್ನು ನೋಡಿದ, ದೋಣಿ ಹತ್ತಿ ಉಳ್ಳಾಲಕ್ಕೆ ದಾಟಿದ, ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿದ. ನಮ್ಮ ಹೊಳೆಗಳ ಮೊದಲ ವಿಹಾರಿ ಎಂದು ಅವನನ್ನು ಕರೆದರೆ ತಪ್ಪಾಗಲಾರದು. ೧೮೦೧ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಬೇರೆ ಜಾತಿಯ ಪ್ರವಾಸಿ. ಫರಂಗಿಪೇಟೆ, ಬಂಟವಾಳ, ಬೆಳ್ತಂಗಡಿ, ವೇಣೂರು, ಮೂಡಬಿದಿರೆಗಳನ್ನು ಹಾದುಹೋದ ಅವನು ಕಂಪೆನಿ ಸರಕಾರಕ್ಕಾಗಿ ಬೆಳೆ, ಭೂಮಿ, ಕಂದಾಯಗಳ ಲೆಕ್ಕವನ್ನು ಬರೆದುಕೊಂಡ. ಒಬ್ಬ ಕಣ್ಣಿಗಾಗಿ ನೋಡಿದ, ಇನ್ನೊಬ್ಬ ಖಜಾನೆಗಾಗಿ ನೋಡಿದ. ನಮಗಂತೂ ಇಬ್ಬರಿಂದಲೂ ಉಪಕಾರವೇ ಆಯಿತು.

ಮೂಡಬಿದಿರೆಯ ಮಾತು ಬಂತು. ಅದು ದೊಡ್ಡ ಹೊಳೆಯ ದಡದ ಊರಲ್ಲ. ಬಸದಿಗಳ, ಕೆರೆಗಳ ಊರು. ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಅಲ್ಲಿಯ ಜನ ಹೆಮ್ಮೆಯಿಂದ ಎಣಿಸುತ್ತಾರೆ. ಆದರೂ ೧೪೩೦ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಗೆ ಹೋದವರು ಭೈರಾದೇವಿ ಮಂಟಪದ ಜಗಲಿಯ ಕಲ್ಲನ್ನು ಒಮ್ಮೆ ಬಗ್ಗಿ ನೋಡಬೇಕು. ಅಲ್ಲಿ ಜಿರಾಫೆಯ ಚಿತ್ರವಿದೆ, ಚೀನದೇಶದ ಡ್ರ್ಯಾಗನ್ನಿನ ಚಿತ್ರವೂ ಇದೆ. ಆಫ್ರಿಕದ ಪ್ರಾಣಿ, ಚೀನದ ಕಲ್ಪನೆ, ಎರಡೂ ತುಳುನಾಡಿನ ಶಿಲ್ಪಿಯ ಉಳಿಗೆ ಸಿಕ್ಕಿದ್ದು ಹೇಗೆ? ಕಡಲಿನ ಮೇಲೆ ಬಂದ ಸುದ್ದಿ ಒಳನಾಡಿಗೂ ಮುಟ್ಟಿತ್ತೆಂದೇ ಅರ್ಥ. ೧೬೦೪ರಲ್ಲಿ ತಿಮ್ಮಣ್ಣ ಅಜಿಲರು ಮೂವತ್ತೈದು ಅಡಿಯ ಗೊಮ್ಮಟನನ್ನು ನಿಲ್ಲಿಸಿದ ವೇಣೂರು ಫಲ್ಗುಣಿಯ ದಡದಲ್ಲಿದೆ; ಆ ಫಲ್ಗುಣಿಯೇ ಪೊಳಲಿಯನ್ನೂ ಗುರುಪುರವನ್ನೂ ಮುಟ್ಟಿ, ಕೊನೆಗೆ ನೇತ್ರಾವತಿ ಸೇರುವ ಅಳಿವೆಯನ್ನೇ ಸೇರುತ್ತದೆ. ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳನ್ನು ನಾವು ಈಗ ಬಸ್ಸಿನ ದಾರಿಯಿಂದ ಜೋಡಿಸಿ ನೋಡುತ್ತೇವೆ. ನಮ್ಮ ಹಿರಿಯರು ನೀರಿನಿಂದ ಜೋಡಿಸಿ ನೋಡುತ್ತಿದ್ದರು.

*

ಆ ನೋಟ ತಪ್ಪಿದ್ದು ಒಂದೇ ದಿನದಲ್ಲಲ್ಲ. ೧೯೦೭ರಲ್ಲಿ ಮಂಗಳೂರಿಗೆ ರೈಲು ಬಂತು. ೧೯೧೪ರಲ್ಲಿ ಆರಂಭವಾದ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿಯ, ಅಂದರೆ ನಮ್ಮೆಲ್ಲರ ಬಾಯಲ್ಲಿ ಸಿ. ಪಿ. ಸಿ.ಯ, ಬಸ್ಸುಗಳು ಬಂಟವಾಳದ ದಾರಿ ಹಿಡಿದವು. ಪಾಣೆಮಂಗಳೂರಿನಲ್ಲಿ ಸೇತುವೆಯಾಯಿತು. ದೋಣಿಯಲ್ಲಿ ಒಂದು ಹಗಲೋ ಒಂದು ರಾತ್ರಿಯೋ ಬೇಕಾಗಿದ್ದ ಹಾದಿ ಒಂದು ಗಂಟೆಯದಾಯಿತು. ಹೆದ್ದಾರಿ ಬೆಳೆದಂತೆ ‘ಬಂಟವಾಳ ಕ್ರಾಸ್ ರೋಡ್’ ಎಂಬ ಕವಲು ‘ಬಿ. ಸಿ. ರೋಡ್’ ಎಂಬ ಊರಾಗಿ, ಮೂಲ ಪೇಟೆಯನ್ನು ಬದಿಗೆ ಸರಿಸಿತು.

ಹೊಳೆ ಮಾತ್ರ ಆಗಾಗ ತನ್ನ ಹಳೆಯ ಹಕ್ಕನ್ನು ನೆನಪಿಸಿತು. ೧೯೨೩ರ ಆಗಸ್ಟಿನ ಮಹಾ ನೆರೆಯನ್ನು ತುಳುವರು ಇಂದಿಗೂ ‘ಮಾರಿ ಬೊಳ್ಳ’ ಎಂದೇ ಕರೆಯುತ್ತಾರೆ. ಬಂಟವಾಳದಲ್ಲಿ ನೂರಾರು ಮನೆಗಳು ಕರಗಿಹೋದವು. ನಮ್ಮ ಅಜ್ಜಿ ಯಾವ ಸಂಗತಿಯನ್ನು ಹೇಳುವುದಿದ್ದರೂ ‘ಬೊಳ್ಳಕ್ಕೆ ಮೊದಲು’, ‘ಬೊಳ್ಳದ ಮೇಲೆ’ ಎಂದೇ ಕಾಲವನ್ನು ಗುರುತಿಸುತ್ತಿದ್ದರು. ಅಜ್ಜನ ಉಪ್ಪಿನ ದಾಸ್ತಾನು ಆ ರಾತ್ರಿ ಬಂದ ದಾರಿಯಿಂದಲೇ ಕಡಲಿಗೆ ಮರಳಿತಂತೆ. ೧೯೭೪ರ ಜುಲೈ ನೆರೆಯನ್ನು ನಾನೇ ಕಂಡಿದ್ದೇನೆ. ಆಗ ನಾನು ಕಾಲೇಜು ಹುಡುಗ. ನಮ್ಮ ಅಂಗಡಿಯ ಎದುರಿನ ಬೀದಿಯಲ್ಲಿ ದೋಣಿ ಬಂತು. ಅಟ್ಟದ ಮೇಲೆ ಕುಳಿತಿದ್ದ ತಂದೆಯವರನ್ನು ಇಬ್ಬರು ಅಂಬಿಗರು ಕಿಟಕಿಯಿಂದ ಇಳಿಸಿಕೊಂಡರು. ಅದಾದ ಎರಡು ವರ್ಷಗಳಲ್ಲಿ ತಂದೆ ಅಂಗಡಿಯನ್ನು ಮಾರಿದರು. ಆ ದಿನದಿಂದ ನಮ್ಮ ಮನೆಯಲ್ಲಿ ಹೊಳೆಯ ಮಾತೆಂದರೆ ಭಯದ ಮಾತು. “ಹೊಳೆಯ ಬದಿಗೆ ಹೋಗಬೇಡಿ” ಎಂದು ನಾನೂ ಶಾಲೆಯ ಮಕ್ಕಳಿಗೆ ಮೂವತ್ತು ವರ್ಷ ಹೇಳಿದೆ. ಯಾಕೆ ಹೋಗಬಾರದು, ಹೋಗುವುದಿದ್ದರೆ ಹೇಗೆ ಹೋಗಬೇಕು ಎಂಬುದನ್ನು ಹೇಳಲಿಲ್ಲ. ಹೇಳಲು ನನಗೆ ತಿಳಿದೂ ಇರಲಿಲ್ಲ.

*

ಪಾಣೆಮಂಗಳೂರಿಗಿಂತ ಸ್ವಲ್ಪ ಕೆಳಗಣ ದಡದಲ್ಲಿ ನಾವು ನೀರಿಗಿಳಿದೆವು. ಸೊಂಟದಿಂದ ಮೇಲಕ್ಕೆ ಬೆಂಡಿನ ಅಂಗಿಯನ್ನು ಬಿಗಿದುಕೊಂಡಿದ್ದ ನಾನು ಕನ್ನಡಿಯಲ್ಲಿ ನೋಡಿಕೊಳ್ಳದಿದ್ದುದೇ ಒಳ್ಳೆಯದು. ಮೊದಲ ಹತ್ತು ನಿಮಿಷ ದೋಣಿಯೊಡನೆ ಹೊಯ್ದಾಡಿದೆ. ಆಮೇಲೆ ಮೈ ಹೊಂದಿಕೊಂಡಿತು. ಮಂಜು ಇನ್ನೂ ನೀರಿನ ಮೇಲಿಂದ ಎದ್ದಿರಲಿಲ್ಲ. ನೀರುಕಾಗೆಗಳು ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು.

ಹೊಳೆ ಅಷ್ಟು ಶಾಂತವಾಗಿದ್ದುದಕ್ಕೆ ಕಾರಣ ತುಂಬೆಯ ಅಣೆಕಟ್ಟು. ಮಂಗಳೂರು ನಗರದ ಕುಡಿಯುವ ನೀರನ್ನು ಅಲ್ಲಿ ತಡೆದು ನಿಲ್ಲಿಸುತ್ತಾರೆ. ಲಕ್ಷಾಂತರ ಜನರ ಬಾಯಾರಿಕೆಯ ಮಾತಾದುದರಿಂದ ಅದರ ವಿಷಯದಲ್ಲಿ ಆಕ್ಷೇಪಣೆ ಸಲ್ಲದು. ಆದರೆ ಅಜ್ಜನ ದೋಣಿ ಈಗ ಮಂಗಳೂರಿನಿಂದ ಹೊರಟರೆ ತುಂಬೆಯಲ್ಲಿಯೇ ನಿಲ್ಲಬೇಕು. ಮೇಲೆ ಶಂಭೂರಿನಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಇನ್ನೊಂದು ಅಣೆಕಟ್ಟು. ಹೀಗಿರುವಾಗ ೨೦೧೬ರಲ್ಲಿ ಪಾರ್ಲಿಮೆಂಟು ಮಾಡಿದ ಕಾನೂನೊಂದು ದೇಶದ ೧೧೧ ಜಲಮಾರ್ಗಗಳನ್ನು ರಾಷ್ಟ್ರೀಯ ಜಲಮಾರ್ಗಗಳೆಂದು ಘೋಷಿಸಿತು. ಧರ್ಮಸ್ಥಳದಿಂದ ಬೆಂಗ್ರೆಯ ಅಳಿವೆಯ ವರೆಗಿನ ನೇತ್ರಾವತಿಯೂ ಅವುಗಳಲ್ಲೊಂದು. ದೋಣಿಗಳು ಓಡುತ್ತಿದ್ದ ಕಾಲದಲ್ಲಿ ಯಾವ ಕಾನೂನೂ ಅದನ್ನು ಮಾರ್ಗವೆಂದು ಕರೆದಿರಲಿಲ್ಲ. ಬೇಸಗೆಯಲ್ಲಿ ಧರ್ಮಸ್ಥಳದ ಸ್ನಾನಘಟ್ಟದ ಬಂಡೆಗಳ ನಡುವೆ ಪಾದ ತೋಯಿಸಿಕೊಂಡು ಬಂದ ಯಾತ್ರಿಕರಿಗೆ ಈ ಸುದ್ದಿಯನ್ನು ಹೇಳಿದರೆ ನಕ್ಕಾರು.

ಬಲಗಡೆ ನಂದಾವರದ ದಡ ಕಳೆಯಿತು. ಪಾಣೆಮಂಗಳೂರಿನ ಸೇತುವೆಗಳ ಅಡಿಯಲ್ಲಿ ಹಾದೆವು. ಮೇಲೆ ಲಾರಿಗಳ ಗುಡುಗು, ಕೆಳಗೆ ನಮ್ಮ ಹುಟ್ಟಿನ ಸದ್ದು. ಎಷ್ಟು ಸಾವಿರ ಸಲ ಆ ಮೇಲಿನಿಂದ ಹೋಗಿದ್ದೆನೋ! ಆಮೇಲೆ ಎಡಗಡೆ ಬಂಟವಾಳ ಪೇಟೆ ಕಾಣತೊಡಗಿತು. ಇದು ಪಂಜೆ ಮಂಗೇಶರಾಯರು ೧೮೭೪ರಲ್ಲಿ ಹುಟ್ಟಿದ ಊರು. ಅವರ ಬಾಲ್ಯದಲ್ಲಿ ಈ ದಡದ ತುಂಬ ದೋಣಿಗಳು ಇದ್ದಿರಬೇಕು. ಈಗ ಕಂಡದ್ದು ಪೇಟೆಯ ಬೆನ್ನು: ಪಾಚಿ ಹಿಡಿದ ಗೋಡೆಗಳು, ಚರಂಡಿಯ ಕೊಳವೆಗಳು, ಗಿಡಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲಗಳು.

“ಮಾವ, ಅದೇನು ಮೆಟ್ಟಿಲು?” ಎಂದ ಹುಡುಗ.

ಮುರಕಲ್ಲಿನ ಮೆಟ್ಟಿಲುಗಳು. ಐದಾರು ಮಾತ್ರ ಹೊರಗೆ ಕಾಣುತ್ತಿದ್ದವು, ಉಳಿದವು ಹೂಳಿನಲ್ಲಿ. ಪಕ್ಕದಲ್ಲಿ ಕರಿಕಲ್ಲಿನ ಒಂದು ಗೂಟ. ಅದರ ಕೊರಳು ಹಗ್ಗ ಉಜ್ಜಿ ಉಜ್ಜಿ ಸವೆದಿತ್ತು. ಮೇಲಿನ ಮಾಡಿನ ಆಕಾರದಿಂದ ನಾನು ಗುರುತು ಹಿಡಿದೆ. ಅದು ಅಜ್ಜನ ಅಂಗಡಿ. ನಾನು ಇಪ್ಪತ್ತು ವರ್ಷ ಆ ಅಂಗಡಿಯಲ್ಲಿ ಓಡಾಡಿದವನು. ಬೀದಿಯ ಕಡೆಯ ಬಾಗಿಲೇ ಅದರ ಮುಂಬಾಗಿಲೆಂದು ತಿಳಿದಿದ್ದೆ. ಹೊಳೆಯ ಕಡೆಯದು ಕಸ ಎಸೆಯುವ ಹಿಂಬಾಗಿಲು. ಕಟ್ಟಿದವರು ಹಾಗೆ ಕಟ್ಟಿರಲಿಲ್ಲ. ಅಗಲವಾದ ಬಾಗಿಲು, ಮೆಟ್ಟಿಲು, ದೋಣಿಯ ಗೂಟ ಎಲ್ಲವೂ ಈ ಕಡೆಗಿತ್ತು. ಪೇಟೆಯ ಮುಖ ಇದು. ನಾವು ತಿರುಗಿ ಕುಳಿತಿದ್ದೆವು, ಅಷ್ಟೆ.

*

ಮೆಟ್ಟಿಲಿನ ಹತ್ತಿರ ಕೆಳಕ್ಕಿಳಿಯಬೇಕೆಂದು ನನಗಾಯಿತು. ನೀರು ತಿಳಿಯಾಗಿತ್ತು, ತಳ ಕಾಣುವಂತೆಯೇ ಇತ್ತು. ಕಾಲು ಹೊರಗೆ ಹಾಕುವಷ್ಟರಲ್ಲಿ ದಡದಿಂದ ಒಬ್ಬರು ಕೂಗಿದರು: “ಅಲ್ಲಿ ಇಳಿಯಬೇಡಿ ಮಾಷ್ಟ್ರೇ!”

ಹೊಯಿಗೆಯ ದೋಣಿಯಲ್ಲಿ ದುಡಿದ, ಅದಕ್ಕೂ ಮೊದಲು ಕಡವು ದಾಟಿಸುತ್ತಿದ್ದ ವೃದ್ಧರು. ನನಗಿಂತ ಹತ್ತು ವರ್ಷವಾದರೂ ಹಿರಿಯರು. ಅವರ ಮೊಮ್ಮಗ ನನ್ನ ವಿದ್ಯಾರ್ಥಿಯಂತೆ. ಒಂದು ಬಿದಿರ ಜಲ್ಲೆಯನ್ನು ತಂದು, ನಾನು ಕಾಲಿಡಹೊರಟಿದ್ದ ಜಾಗದಿಂದ ಒಂದು ಮಾರು ಆಚೆಗೆ ಊರಿ ತೋರಿಸಿದರು. ಅಷ್ಟು ಉದ್ದದ ಜಲ್ಲೆ ಪೂರ್ತಿಯಾಗಿ ಒಳಗೆ ಹೋಯಿತು.

“ಹೊಯಿಗೆ ತೆಗೆದ ಗುಂಡಿ” ಎಂದರು. “ಮೊದಲಿನ ಕಯಗಳ ಲೆಕ್ಕ ನಮಗೆ ಉಂಟು. ಈ ಗುಂಡಿಗಳು ವರ್ಷಕ್ಕೊಂದು ಕಡೆ. ರಜೆಯಲ್ಲಿ ಮೀಯಲು ಬರುವ ಹುಡುಗರಿಗೆ ಇದು ಗೊತ್ತಾಗುವುದಿಲ್ಲ.”

“ಗುಂಡಿ ಇರುವುದು ನಿಮಗೆ ಹೇಗೆ ಗೊತ್ತಾಗುವುದು ಕಾಕ?” ಎಂದು ಕೇಳಿದೆ.

ಅವರು ನಮ್ಮ ಹಳದಿ ದೋಣಿಯನ್ನು ಆ ತುದಿಯಿಂದ ಈ ತುದಿಯ ವರೆಗೆ ನೋಡಿದರು. “ನಿಮ್ಮ ದ್ದು ಚಂದ ಉಂಟು, ಹಗುರವೂ ಉಂಟು. ಆದರೆ ನಿಮ್ಮ ಹುಟ್ಟು ನೀರಿನ ಮೇಲಿನದ್ದು ಮಾತ್ರ ನೋಡುವುದು. ಅಡಿಯದ್ದು ಜಲ್ಲೆಗೇ ಗೊತ್ತು” ಎಂದರು.

ಮಾತು ಸರಳವಾಗಿತ್ತು. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಅಜ್ಜನ ಕಾಲದ ಅಂಬಿಗ ಮಂಗಳೂರಿನಿಂದ ಭರತದ ನೀರನ್ನು ಕಾದು ಹೊರಟು, ಗಾಳಿಯಿದ್ದರೆ ಹಾಯಿ ಬಿಚ್ಚಿ, ಇಲ್ಲದಿದ್ದರೆ ಜಲ್ಲೆಯೂರಿ, ಸುಮಾರು ಇಪ್ಪತ್ತೈದು ಕಿಲೋಮೀಟರು ಹೊಳೆಯ ತಳವನ್ನು ಅಡಿ ಅಡಿಯಾಗಿ ತಡಕಿಕೊಂಡು ಬರುತ್ತಿದ್ದ. ಎಲ್ಲಿ ಹೊಯಿಗೆ, ಎಲ್ಲಿ ಕೆಸರು, ಎಲ್ಲಿ ಬಂಡೆ ಎಂಬುದು ಅವನ ಅಂಗೈಗೆ ಗೊತ್ತಿತ್ತು. ಕಳೆದ ಮಳೆಗಾಲದಲ್ಲಿ ಹೊಳೆ ಏನು ಮಾಡಿತೆಂಬುದನ್ನು ಎಲ್ಲರಿಗಿಂತ ಮೊದಲು ತಿಳಿಯುವವನು ಅವನೇ. ದೋಣಿಯ ಸಂಚಾರ ನಿಂತಾಗ ನಿಂತದ್ದು ಸಾಗಾಟವೊಂದೇ ಅಲ್ಲ, ಈ ದಿನನಿತ್ಯದ ವಿಚಾರಣೆಯೂ ನಿಂತಿತು. ಹೊಯಿಗೆಯನ್ನು ಮಿತಿಮೀರಿ ಎತ್ತಿದ್ದು, ಅಡ್ಯಾರಿನ ಬಳಿಯ ಪಾವೂರು ಉಳಿಯದಂಥ ಕುದ್ರುಗಳ ಅಂಚು ವರ್ಷ ವರ್ಷವೂ ಕುಸಿಯುತ್ತಿರುವುದು, ನಮ್ಮ ಪೇಟೆಯ ಕಸ ನಮ್ಮದೇ ಮೆಟ್ಟಿಲನ್ನು ಮುಚ್ಚಿದ್ದು, ಇದೊಂದೂ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವವರಿಗೆ ಕಾಣುವುದಿಲ್ಲ. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿಯ ತಪ್ಪಲಿನ ಹೊಳೆಗಳು ಉಕ್ಕಿ ಬೆಳ್ತಂಗಡಿ ತಾಲೂಕಿನ ಸೇತುವೆ, ತೋಟ, ಮನೆಗಳನ್ನು ಒಯ್ದಾಗ ನಾವೆಲ್ಲ ಹೊಳೆಗೇ ಹುಚ್ಚು ಹಿಡಿಯಿತೆಂದು ಹೇಳಿದೆವು. ಹೊಳೆಯ ಗುರುತು ನಮಗೆ ತಪ್ಪಿತ್ತೆಂದು ಹೇಳಲಿಲ್ಲ.

ಹೊಳೆಯಲ್ಲಿ ಆಡಲು ಬರುವ ಈಗಿನ ಹುಡುಗರನ್ನು ಕಂಡರೆ ‘ಕೆಲಸವಿಲ್ಲದವರು’ ಎಂದು ಮೊದಲು ನಾನೂ ಅಂದುಕೊಳ್ಳುತ್ತಿದ್ದೆ. ಈಗ ಹಾಗೆ ಅನ್ನಲಾರೆ. ಹಳೆಯ ವ್ಯಾಪಾರ ತಿರುಗಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಬೆನ್ನು ಮುರಿಯುವ ಆ ದುಡಿಮೆಯನ್ನು ಯಾರೂ ಮರಳಿ ಬಯಸುವ ಕಾರಣವಿಲ್ಲ. ಸಾಗಾಟಕ್ಕೆಂದು ಹೊಳೆಗಿಳಿಯುವವರು ಇಲ್ಲವಾದ ಮೇಲೆ ಸಂತೋಷಕ್ಕೆಂದಾದರೂ ಇಳಿಯುವವರು ಬೇಕು. ಇಳಿದವರಿಗೆ ಮಾತ್ರ ಊರಿನ ಮುಖ ಯಾವ ಕಡೆಗಿದೆಯೆಂದು ಕಾಣುತ್ತದೆ. ಆದರೆ ಬಣ್ಣದ ದೋಣಿಯನ್ನು ಕೊಂಡುಕೊಂಡ ಮಾತ್ರಕ್ಕೆ ಹೊಳೆ ಪರಿಚಯವಾಗುವುದಿಲ್ಲ. ದಡದಲ್ಲಿ ಇನ್ನೂ ಕೆಲವು ಮಂದಿ ಜಲ್ಲೆ ಹಿಡಿದ ಮುದುಕರಿದ್ದಾರೆ. ಅವರನ್ನು ಕೇಳಿ ಇಳಿಯಬೇಕು. ಹತ್ತು ಹದಿನೈದು ವರ್ಷ ಕಳೆದರೆ ಕೇಳುವುದಕ್ಕೆ ಅವರು ಇರಲಾರರು.

ಹುಡುಗ ಮರುದಿನ ಬೆಳಿಗ್ಗೆ ಒಬ್ಬನೇ ಹೊರಟ. ಕಯಾಕಿನ ಮುಂದಿನ ಆಸನದಲ್ಲಿ ಕಾಕನನ್ನು ಕೂರಿಸಿಕೊಂಡಿದ್ದನಂತೆ. ಬೆಂಡಿನ ಅಂಗಿ ತೊಡಲು ಅವರು ಮೊದಲು ಒಪ್ಪಲಿಲ್ಲವಂತೆ, ಜಲ್ಲೆಯನ್ನಂತೂ ಬಿಟ್ಟುಬರಲು ಕೊನೆಯ ವರೆಗೂ ಒಪ್ಪಲಿಲ್ಲವಂತೆ. ಮಧ್ಯಾಹ್ನ ಊಟಕ್ಕೆ ಬಂದಾಗ ಒಂದು ನೋಟುಪುಸ್ತಕವನ್ನು ನನ್ನ ಮುಂದಿಟ್ಟ. ಪಾಣೆಮಂಗಳೂರಿನಿಂದ ಮೇಲಕ್ಕೆ ಹೊಳೆಯ ತಿರುವುಗಳನ್ನು ಗೀಚಿ, ಒಂದೊಂದು ಕಯದ ಹೆಸರನ್ನೂ ಬರೆದುಕೊಂಡಿದ್ದ. ಒಂದಕ್ಕೆ ದೈವದ ಹೆಸರು, ಇನ್ನೊಂದಕ್ಕೆ ಮರದ ಹೆಸರು, ಮತ್ತೊಂದಕ್ಕೆ ಎಂದೋ ಅಲ್ಲಿ ಮುಳುಗಿದ ದೋಣಿಯ ನೆನಪು. ಎಣಿಸಿದೆ, ಒಟ್ಟು ಹದಿನೇಳು ಹೆಸರುಗಳು. ಹುಟ್ಟಿದೂರಿನ ಹೊಳೆಯ ಆ ಹದಿನೇಳರಲ್ಲಿ ನಾನು ಕೇಳಿ ಬಲ್ಲವು ನಾಲ್ಕು.